ಹುಳು ಮನೆಯಲ್ಲಿ ಸಿಕ್ಕ ಬಾಟಲಿ

ರೇಷ್ಮೆ ಹುಳು ಸಾಕುವ ಮನೆಯೊಳಗೆ ಕೀಟನಾಶಕದ ಬಾಟಲಿ ಸಿಕ್ಕಿತು ಎಂದು ಮಹಜರಿನಲ್ಲಿ ಬರೆಸಿದ ಇನ್‌ಸ್ಪೆಕ್ಟರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಪೊಲೀಸರು ಸುಳ್ಳು ಬರೆಯುವುದು ನನಗೇನೂ ಹೊಸದಲ್ಲ. ಅದಕ್ಕೆಲ್ಲ ಸಿಟ್ಟು ಮಾಡಿಕೊಂಡಿದ್ದರೆ ಕರಿಕೋಟು ಬಿಚ್ಚಿಟ್ಟು ಎಂದೋ ಮನೆಯಲ್ಲಿ ಕೂರಬೇಕಿತ್ತು. ನನ್ನ ಸಿಟ್ಟೆಲ್ಲ ಆತನ ಸೋಮಾರಿತನದ ಮೇಲೆ. ಸುಳ್ಳು ಹೇಳುವವನು ತಾನು ಯಾವ ಊರಿನಲ್ಲಿ ನಿಂತು ಹೇಳುತ್ತಿದ್ದೇನೆ ಎಂದಾದರೂ ನೋಡಿಕೊಳ್ಳಬೇಡವೇ? ಶಿಡ್ಲಘಟ್ಟದ ಸುತ್ತಮುತ್ತ ಹುಳು ಮನೆಯಲ್ಲಿ ಊದಿನಕಡ್ಡಿ ಹಚ್ಚುವುದಿಲ್ಲ, ಸೊಳ್ಳೆ ಬತ್ತಿ ಹಚ್ಚುವುದಿಲ್ಲ, ಬೀಡಿ ಸೇದಿ ಬಂದವನನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ. ಪಕ್ಕದ ಟೊಮೇಟೊ ತೋಟಕ್ಕೆ ಯಾರಾದರೂ ಔಷಧಿ ಹೊಡೆಯಲು ನಿಂತರೆ ಗಾಳಿ ಯಾವ ಕಡೆಗಿದೆ ಎಂದು ನೋಡಿ ಜಗಳಕ್ಕೇ ಹೋಗುತ್ತಾರೆ. ನಮ್ಮ ಕಡೆ ಕೀಟನಾಶಕಕ್ಕೂ ಔಷಧಿ ಎಂದೇ ಹೆಸರು. ಅಂಥ ಮನೆಯೊಳಗೆ, ಹುಳು ಮೇಯುತ್ತಿದ್ದ ಸ್ಟ್ಯಾಂಡಿನ ಕೆಳಗೆ, ಮುಚ್ಚಳ ಸಡಿಲವಾದ ಬಾಟಲಿ! ಆಹಾ, ಎಂಥ ತನಿಖೆ.

ನಾನು ಚಿಕ್ಕಬಳ್ಳಾಪುರದ ಕೋರ್ಟಿನಲ್ಲಿ ಕ್ರಿಮಿನಲ್ ವಕೀಲೆ. ಆ ಕೇಸು ಕಾನೂನು ನೆರವಿನ ಮೂಲಕ ನನ್ನ ಕೈಗೆ ಬಂತು. ಆರೋಪಿ ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯ ಹೆಂಗಸು, ಗಂಡನನ್ನು ಕೊಂದಳೆಂಬ ಆರೋಪ. ತವರು ಮುರುಗಮಲ್ಲದ ಕಡೆ. ಅಲ್ಲಿಂದ ಒಬ್ಬರೂ ಬಂದು ನೋಡಿರಲಿಲ್ಲ. ಪೊಲೀಸರು ಹೇಳಿದ ಕಥೆ ಇಷ್ಟು. ಗಂಡ ಕುಡುಕ, ದಿನಾ ಜಗಳ. ಒಂದು ಮಧ್ಯಾಹ್ನ ಇವಳು ಟೊಮೇಟೊಗೆ ಹೊಡೆಯುವ ಔಷಧಿಯನ್ನು ಸಾರಿಗೆ ಬೆರೆಸಿದಳು, ಕೈಗೆ ಚೆಲ್ಲಿದ್ದನ್ನು ಉಟ್ಟ ಸೀರೆಯ ಸೆರಗಿಗೆ ಒರೆಸಿಕೊಂಡಳು, ಗಂಡನಿಗೆ ಮುದ್ದೆಯ ಜೊತೆ ಬಡಿಸಿದಳು. ಆತ ಉಂಡು ಬಸ್ ಸ್ಟಾಪಿನ ಕಟ್ಟೆಗೆ ಹೋಗಿ ಕೂತವನು ಸಂಜೆಯ ಹೊತ್ತಿಗೆ ಬಾಯಲ್ಲಿ ನೊರೆ ಬಂದು ಬಿದ್ದ. ಅವನ ಅಣ್ಣ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದ. ಬೆಳಗಾಗುವಷ್ಟರಲ್ಲಿ ಪ್ರಾಣ ಹೋಗಿತ್ತು. ದೂರು ಕೊಟ್ಟವನೂ ಆ ಅಣ್ಣನೇ. ತಿಥಿ ಮುಗಿಯುವ ಮುನ್ನವೇ ಇವಳನ್ನು ಜೀಪು ಹತ್ತಿಸಿದರು.

ಸಾಕ್ಷ್ಯವೆಂದರೆ, ಇವಳೇ ತೋರಿಸಿದಳು ಎನ್ನಲಾದ ಆ ಬಾಟಲಿ, ಅವತ್ತು ಉಟ್ಟಿದ್ದ ಹಸಿರು ಸೀರೆ, ಶವದಿಂದ ತೆಗೆದ ಒಳಾಂಗಗಳ ಭಾಗ. ಮೂರೂ ಬೆಂಗಳೂರಿನ ಪ್ರಯೋಗಾಲಯಕ್ಕೆ ಹೋಗಿ ಬಂದಿದ್ದವು. ಮೂರರಲ್ಲೂ ಒಂದೇ ವಿಷ ಎಂದು ವರದಿ.

ಸರ್ಕಾರಿ ವಕೀಲರು ಆ ವರದಿಯನ್ನು ಪ್ರಸಾದ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದು ನನಗೆ ತೋರಿಸಿದರು. "ಸೈನ್ಸ್ ಇದೆ ಮೇಡಂ. ಪಂಚರು ಉಲ್ಟಾ ಹೊಡೀಬೋದು, ನೆಂಟರು ಉಲ್ಟಾ ಹೊಡೀಬೋದು, ಸೈನ್ಸ್ ಉಲ್ಟಾ ಹೊಡೆಯಲ್ಲ. ಸುಮ್ನೆ ಟೈಮ್ ವೇಸ್ಟ್ ಮಾಡ್ಕೋಬೇಡಿ."

ಸೈನ್ಸ್ ಎಂಬ ಪದವನ್ನು ಅವರು ಉಚ್ಚರಿಸುವ ರೀತಿ ಕೇಳಿದರೆ ಮೈ ಉರಿಯುತ್ತದೆ. ಆ ವರದಿಯ ಮೊದಲ ಪುಟ ದಾಟಿ ಅವರು ಓದಿರಲಿಲ್ಲ, ನನಗೆ ಗೊತ್ತು.

ಜಾಮೀನು ಅರ್ಜಿಯಲ್ಲಿ ಹುಳು ಮನೆಯ ಬಾಟಲಿಯ ವಿಷಯವನ್ನೇ ಎತ್ತಿದೆ. ಹುಳು ಸಾಕುವವರು ಯಾರೂ ಅಲ್ಲಿ ಔಷಧಿ ಇಡುವುದಿಲ್ಲ, ಇಟ್ಟರೆ ಬೆಳೆ ಪೂರ್ತಿ ಹೋಗುತ್ತದೆ ಎಂದು ವಿವರಿಸಿದೆ. ನ್ಯಾಯಾಧೀಶರು ಉತ್ತರ ಕರ್ನಾಟಕದ ವಿಜಯಪುರದ ಕಡೆಯವರು. ಗಂಭೀರ ಮನುಷ್ಯ, ಕಿವಿಗೊಟ್ಟು ಕೇಳುತ್ತಿದ್ದರು. ಆದರೆ ಸರ್ಕಾರಿ ವಕೀಲರು ಎದ್ದು, "ಗಂಡನ್ನೇ ಕೊಂದೋಳಿಗೆ ಹುಳದ ಚಿಂತೆ ಏನಿರುತ್ತೆ ಸ್ವಾಮಿ?" ಎಂದರು. ಕೋರ್ಟ್ ಹಾಲಿನಲ್ಲಿ ಎಲ್ಲರೂ ನಕ್ಕರು. ಜಾಮೀನು ತಿರಸ್ಕಾರವಾಯಿತು. ಹುಳು ಮನೆಯ ಮಾತನ್ನು ನಾನೂ ಅಲ್ಲಿಗೇ ಬಿಟ್ಟೆ.

ಸೀರೆಯ ಮೇಲಿನ ವಿಷಕ್ಕೆ ಏನಾದರೂ ಉತ್ತರ ಬೇಕಿತ್ತು. ಬಾರ್ ರೂಮಿನಲ್ಲಿ ಹಿರಿಯ ವಕೀಲರೊಬ್ಬರು ಬೋಂಡ ತಿನ್ನುತ್ತಲೇ ದಾರಿ ತೋರಿಸಿದರು. "ಗಂಡ ವಾಂತಿ ಮಾಡ್ಕೊಂಡಿರ್ತಾನೆ. ಎತ್ತಿ ಕೂರಿಸ್ದಾಗ ಸೀರೆಗೆ ತಾಗ್ತು ಅನ್ನಿಸಿ. ಮುಗೀತಲ್ಲ, ಅದಕ್ಕೇನು ಇಷ್ಟೊಂದು ತಲೆ ಕೆಡಿಸ್ಕೊಳ್ಳೋದು?"

ಜೈಲಿನಲ್ಲಿ ಅವಳನ್ನು ಕೇಳಿದೆ. ಸಣಕಲು ಹೆಂಗಸು, ಮಾತು ಕಮ್ಮಿ.

"ನಿಮ್ಮ ಯಜಮಾನ್ರು ವಾಂತಿ ಮಾಡ್ಕೊಂಡಾಗ ನೀವು ಹಿಡ್ಕೊಂಡ್ರಾ? ಸೀರೆಗೆ ಏನಾದ್ರೂ ತಾಗ್ತಾ?"

"ಇಲ್ಲಮ್ಮ. ನಾನು ಮುಟ್ಟೇ ಇಲ್ಲ. ಅವ್ರು ಬಿದ್ದಿದ್ದು ಕಟ್ಟೆ ಹತ್ರ. ಭಾವ ಬಂದು ಹೇಳಿದ್ರು."

"ಯೋಚನೆ ಮಾಡಿ ಹೇಳಮ್ಮ."

"ಯೋಚನೆ ಮಾಡೋಕೇನೈತೆ? ಮುಟ್ಟಿದ್ರೆ ಮುಟ್ದೆ ಅಂತಿದ್ದೆ. ಕೊನೇಗೂ ಮುಟ್ಲಿಲ್ವಲ್ಲ ಅಂತಾನೇ ಅಳ್ತಿರೋದು ನಾನು."

ಭಾವ ಬಂದು ಹೇಳಿದಾಗ ಇವಳು ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದಳಂತೆ. ಹುಳು ನಾಲ್ಕನೇ ಜ್ವರ ಎದ್ದು, ಎಂದರೆ ಕಡೆಯ ಸಲ ಪೊರೆ ಬಿಟ್ಟು, ಬಾಯಿ ಬಿಟ್ಟುಕೊಂಡು ಮೇಯುವ ಹೊತ್ತು. ಆಗ ಒಂದು ಹೊತ್ತಿನ ಸೊಪ್ಪು ತಪ್ಪಿದರೂ ಗೂಡು ಜಳ್ಳಾಗುತ್ತದೆ. ಗಂಡ ಕುಡಿದು ಕಟ್ಟೆಯ ಮೇಲೆ ಬೀಳುವುದು ಮಾಮೂಲು. ಇವತ್ತೂ ಹಾಗೇ ಎಂದುಕೊಂಡು, "ನೀವು ಕರ್ಕೊಂಡು ಹೋಗಿ ಭಾವ, ಸೊಪ್ಪು ಹಾಕ್ಬಿಟ್ಟು ಬರ್ತೀನಿ" ಎಂದಳು. ಹಾಕಿ ಮುಗಿಸುವಷ್ಟರಲ್ಲಿ ಕಡೆಯ ಬಸ್ಸು ಹೋಗಿತ್ತು. ಬೆಳಗ್ಗೆ ಎದ್ದು ಮತ್ತೊಂದು ಸಲ ಸೊಪ್ಪು ಹಾಕಿ, ಅದೇ ಸೀರೆಯಲ್ಲಿ ಹೊರಡಲು ನಿಂತಾಗ ಹೆಣವೇ ಊರಿಗೆ ಬರುತ್ತಿದೆ ಎಂಬ ಸುದ್ದಿ ಬಂತು.

ಇದನ್ನು ಕೇಳಿ ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಎಂಥ ನ್ಯಾಯಾಧೀಶರಾದರೂ ಇದನ್ನು ಕೇಳಿದರೆ ಏನೆಂದುಕೊಳ್ಳುತ್ತಾರೆ? "ಸೊಪ್ಪಿನ ವಿಷಯ ಕೋರ್ಟಲ್ಲಿ ಬಾಯಿ ಬಿಡಬೇಡಿ" ಎಂದೆ. ಅವಳು ತಲೆಯಾಡಿಸಿದಳು.

ಆದರೆ ಭಾವ ಬಿಡಬೇಕಲ್ಲ? ಮೊದಲ ಸಾಕ್ಷಿಯೇ ಆತ. ಬಿಳಿ ಪಂಚೆ, ಬಿಳಿ ಶರ್ಟು, ಹಣೆಗೆ ಕುಂಕುಮ, ಊರಿನ ಪಂಚಾಯ್ತಿಗಳಲ್ಲಿ ಮುಂದೆ ಕೂತು ರೂಢಿಯಾದ ಗತ್ತು. ಕಟಕಟೆ ಹತ್ತಿ ಎದೆ ಬಡಿದುಕೊಂಡ. "ತಮ್ಮ ಅಲ್ಲಿ ಒದ್ದಾಡ್ತಾ ಅವ್ನೆ, ಈ ಯಮ್ಮ ಹುಳಕ್ಕೆ ಸೊಪ್ಪು ಹಾಕ್ತಾ ನಿಂತವ್ಳೆ ಸ್ವಾಮಿ! ಮಡಿಲು ತುಂಬಾ ಸೊಪ್ಪು ತುಂಬ್ಕೊಂಡು! ಇವಳು ಹೆಂಗ್ಸಾ?" ಹಾಲಿನಲ್ಲಿ ಚು ಚು ಎಂಬ ಸದ್ದು. ನಾನು ಪಾಟೀ ಸವಾಲಿನಲ್ಲಿ ಆ ಮಾತನ್ನು ಸುಳ್ಳು ಮಾಡಿಸಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಸೊಪ್ಪು ಹಾಕುತ್ತಿರಲಿಲ್ಲ, ನೀವು ನೋಡೇ ಇಲ್ಲ, ಜಮೀನಿನ ಆಸೆಗೆ ಹೇಳುತ್ತಿದ್ದೀರಿ ಎಂದು ಹತ್ತು ಕಡೆಯಿಂದ ಸುತ್ತಿದೆ. ಆತ ಹತ್ತು ಸಲವೂ ಅದನ್ನೇ, ಇನ್ನಷ್ಟು ಬಣ್ಣ ಕಟ್ಟಿ ಹೇಳಿದ. ಆರೋಪಿಯ ಕಟಕಟೆಯಲ್ಲಿ ಇವಳು ತಲೆ ತಗ್ಗಿಸಿ ನಿಂತಿದ್ದಳು.

ಆಮೇಲೆ ಬಂದವನು ಮುದ್ದೆಮಾಲು, ಎಂದರೆ ವಶಪಡಿಸಿಕೊಂಡ ವಸ್ತುಗಳನ್ನು ಹಳ್ಳಿಯಿಂದ ಠಾಣೆಗೆ ತಂದ ಕಾನ್‌ಸ್ಟೇಬಲ್. ಚಿಂತಾಮಣಿ ಕಡೆಯವನು, ನಿವೃತ್ತಿಯ ಅಂಚಿನಲ್ಲಿದ್ದ. ಬಾಟಲಿಯನ್ನೂ ಸೀರೆಯನ್ನೂ ಸ್ಥಳದಲ್ಲೇ ಬೇರೆಬೇರೆಯಾಗಿ ಕಟ್ಟಿ ಅರಗಿನ ಮೊಹರು ಹಾಕಲಾಯಿತು ಎಂದು ಮಹಜರು ಹೇಳುತ್ತಿತ್ತು. ನನಗೆ ಆ ಮಾತಿನ ಮೇಲೆ ನಂಬಿಕೆ ಇರಲಿಲ್ಲ. ಅರಗು ಕರಗಿಸಲು ಬೆಂಕಿ ಬೇಕು. ಹುಳು ಮನೆಯ ಅಂಗಳದಲ್ಲಿ ಬೆಂಕಿ ಹಚ್ಚಿ ಹೊಗೆ ಎಬ್ಬಿಸಿದ್ದರೆ ಊರಿಗೆ ಊರೇ ಬಂದು ನಿಲ್ಲುತ್ತಿತ್ತು.

"ಮೊಹರು ಎಲ್ಲಿ ಹಾಕಿದ್ರಿ?"

"ಸ್ಪಾಟಲ್ಲೇ ಮೇಡಂ."

"ಅರಗು ಯಾವುದ್ರಿಂದ ಕರಗಿಸಿದ್ರಿ?"

ಆತ ಇನ್‌ಸ್ಪೆಕ್ಟರ್ ಕೂತಿದ್ದ ಕಡೆ ನೋಡಿದ.

"ಅಲ್ಲೇನ್ ನೋಡ್ತೀರಿ, ಇಲ್ಲಿ ನೋಡಿ. ಮೇಣದ ಬತ್ತಿ ಇತ್ತಾ?"

"ಇಲ್ಲ ಮೇಡಂ. ಅದು... ಸ್ಟೇಷನ್‌ಗೆ ಬಂದ್ಮೇಲೆ ಹಾಕಿದ್ದು."

"ಸ್ಟೇಷನ್‌ಗೆ ಹೆಂಗೆ ತಂದ್ರಿ?"

"ಬೈಕಲ್ಲಿ. ಒಂದು ಕವರಲ್ಲಿ ಹಾಕ್ಕೊಂಡು."

"ಎರಡೂ ಒಂದೇ ಕವರಲ್ಲಾ?"

"ಇನ್ನೊಂದು ಕವರು ಇರ್ಲಿಲ್ಲ ಮೇಡಂ. ಆ ರೋಡು ನೋಡಿದ್ದೀರಲ್ಲ, ಬರೀ ಗುಂಡಿ. ಬಾಟ್ಲಿ ಒಡೆದ್ರೆ ಸಾಹೇಬ್ರು ನನ್ನೇ ಹಿಡ್ಕೋತಾರೆ ಅಂತ ಸೀರೆ ಸುತ್ತಿ ಇಟ್ಕೊಂಡೆ."

ಬಾಟಲಿಯನ್ನು ಸೀರೆಯಲ್ಲಿ ಸುತ್ತಿ ಇಟ್ಟುಕೊಂಡನಂತೆ! ಕೊಲೆ ಕೇಸಿನ ಎರಡು ಮುಖ್ಯ ಸಾಕ್ಷ್ಯಗಳನ್ನು ಉಪ್ಪಿನಕಾಯಿ ಭರಣಿ ಬಟ್ಟೆಯಲ್ಲಿ ಸುತ್ತಿದ ಹಾಗೆ ಸುತ್ತಿ, ಬೈಕಿಗೆ ನೇತುಹಾಕಿ, ಗುಂಡಿ ಹಾರಿಸಿಕೊಂಡು ತಂದ ಮಹಾನುಭಾವ. ಅದನ್ನು ಬೆಂಗಳೂರಿಗೆ ಕಳಿಸಿ, ಬಾಟಲಿಯ ವಿಷ ಸೀರೆಯಲ್ಲೂ ಇದೆಯೇ ನೋಡಿ ಎಂದು ಕೇಳಿದ ಇನ್ನೊಬ್ಬ ಮಹಾನುಭಾವ. ಆ ಉತ್ತರವನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಂಡ ಮೂರನೆಯವರು. ಇವರ ಕೈಯಲ್ಲಿ ಒಬ್ಬ ಹೆಂಗಸಿನ ಆಯುಷ್ಯ.

"ವಾಸನೆ ಬರ್ತಿತ್ತಾ?" ಎಂದು ಕೇಳಿದೆ.

"ನನಗೆ ಅವತ್ತು ನೆಗಡಿ ಮೇಡಂ."

ಸರ್ಕಾರಿ ವಕೀಲರು ಎದ್ದು, ಮುಚ್ಚಳ ಬಿಗಿಯಾಗಿತ್ತು ತಾನೇ ಎಂದರು. "ಬಿಗಿ ಇತ್ತು ಸರ್, ಒಂದು ತೊಟ್ಟೂ ಸೋರಿಲ್ಲ" ಎಂದು ಆತ ಬಾಯಿಪಾಠ ಒಪ್ಪಿಸಿದ. ಮಹಜರಿನಲ್ಲಿ ಮುಚ್ಚಳ ಸಡಿಲ ಎಂದಿದ್ದದ್ದು ಇಬ್ಬರಿಗೂ ನೆನಪಿರಲಿಲ್ಲ. ನಾನು ಜ್ಞಾಪಿಸಲೂ ಹೋಗಲಿಲ್ಲ, ಗುರುತು ಹಾಕಿಕೊಂಡೆ. ಸೋರಿತು ಎಂದು ಆತ ಬಾಯಿಬಿಟ್ಟು ಹೇಳದ ತನಕ ನನ್ನದು ಬರೀ ಅನುಮಾನ.

ಇನ್ನು ಪ್ರಯೋಗಾಲಯದ ವಿಜ್ಞಾನಿಯ ಸರದಿ. ಅವರನ್ನು ಹರಿದು ಮುಕ್ಕಲು ನಾನು ತಯಾರಾಗಿದ್ದೆ. ಯಂತ್ರವನ್ನು ಯಾವಾಗ ತಪಾಸಣೆ ಮಾಡಿಸಿದಿರಿ, ಹಿಂದಿನ ಮಾದರಿಯ ಶೇಷ ಉಳಿದಿರಲಿಲ್ಲ ಎಂದು ಹೇಗೆ ಹೇಳುತ್ತೀರಿ, ಹೀಗೆ ಗುಡ್ಡೆ ಪ್ರಶ್ನೆ ಬರೆದುಕೊಂಡಿದ್ದೆ. ನಮ್ಮ ವಕೀಲರಲ್ಲಿ ಇದೊಂದು ಚಟ. ವಿಜ್ಞಾನ ಎರಡಕ್ಷರ ಓದಿಕೊಂಡು ಬಂದು ವಿಜ್ಞಾನಿಯ ಮುಂದೆ ಹಾರಾಡುವುದು. ಅವರು ಶಾಂತವಾಗಿ ಉತ್ತರ ಕೊಟ್ಟಷ್ಟೂ ಆರೋಪಿಯ ಕುತ್ತಿಗೆಗೆ ಹಗ್ಗ ಬಿಗಿಯುತ್ತದೆ, ನಮಗೆ ಮಾತ್ರ ಭಾರೀ ವಾದ ಮಾಡಿದ ಖುಷಿ.

ಅವರ ಮುಖ್ಯ ವಿಚಾರಣೆ ಕೇಳುತ್ತ ಕೂತಾಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಈ ವಿಜ್ಞಾನಿ ಸುಳ್ಳು ಹೇಳುವವರಲ್ಲ. ಸರ್ಕಾರಿ ವಕೀಲರು "ಖಚಿತವಾಗಿ" ಎಂದು ಸೇರಿಸಿದಾಗಲೆಲ್ಲ ಅದನ್ನು ತಾವೇ ತೆಗೆದುಹಾಕಿ ಉತ್ತರಿಸುತ್ತಿದ್ದರು. ಸೀರೆಯಲ್ಲಿ ವಿಷ ಇದ್ದದ್ದು ನಿಜವೇ ಇರಬೇಕು. ಹಾಗಿದ್ದ ಮೇಲೆ ಅದರ ಜೊತೆ ಗುದ್ದಾಡಿ ಏನು ಪ್ರಯೋಜನ? ಬರೆದುಕೊಂಡಿದ್ದನ್ನೆಲ್ಲ ಮಡಚಿ ಫೈಲಿನ ಕೆಳಗೆ ಹಾಕಿದೆ.

"ನಿಮ್ಮ ವರದಿಯನ್ನ ನಾನು ಪೂರ್ತಿ ಒಪ್ಕೋತೀನಿ ಮೇಡಂ" ಎಂದೆ. ಸರ್ಕಾರಿ ವಕೀಲರು ಕೂತಲ್ಲೇ ತಿರುಗಿ ನೋಡಿದರು. "ಸೀರೆ ಮೇಲೆ ಕಲೆ ಕಣ್ಣಿಗೆ ಕಾಣ್ತಿತ್ತಾ?"

"ಕಾಣ್ತಿತ್ತು. ಆ ಕೀಟನಾಶಕದಲ್ಲಿ ಎಣ್ಣೆಯಂಥ ದ್ರಾವಕ ಇರುತ್ತೆ. ಜಿಡ್ಡಿನ ಕಲೆ."

"ಯಾವ ಆಕಾರ?"

"ಹೆಚ್ಚುಕಮ್ಮಿ ಒಂದೇ ಆಕಾರದ ಕಲೆಗಳು, ಸಮಾನ ಅಂತರದಲ್ಲಿ, ಸಾಲಾಗಿ ಇದ್ದವು. ಮಡಿಕೆ ಮಡಿಕೆಗೂ ಇಳಿದ ಹಾಗೆ."

"ಉಟ್ಟ ಸೀರೆ ಸೆರಗಿಗೆ ಕೈ ಒರೆಸಿಕೊಂಡ್ರೆ ಹಾಗೆ ಬರುತ್ತಾ?"

"ಸಾಮಾನ್ಯವಾಗಿ ಇಲ್ಲ. ಬಟ್ಟೆ ಮಡಚಿದ್ದಾಗ ದ್ರವ ತಾಗಿದ್ರೆ ಹೀಗೆ ಬರುತ್ತೆ."

"ವರದಿಯಲ್ಲಿ ಇದು ಯಾಕಿಲ್ಲ?"

"ಪೊಲೀಸರು ಕೇಳಿದ್ದು ವಿಷ ಇದೆಯಾ, ಬಾಟಲಿಯದ್ದೇನಾ ಅಂತ ಮಾತ್ರ. ನನ್ನ ಟಿಪ್ಪಣಿಯಲ್ಲಿ ಇದೆ. ಯಾರೂ ಕೇಳಲಿಲ್ಲ."

ಯಾರೂ ಕೇಳಲಿಲ್ಲ! ಅಲ್ಲಿಗೇ ಮುಗಿಯಿತು ಎಂದುಕೊಂಡು ಕೂತೆ. ಸರ್ಕಾರಿ ವಕೀಲರು ಒಮ್ಮೆ ಮಾತ್ರ ಬುದ್ಧಿ ಉಪಯೋಗಿಸಿದರು, ಅದೂ ಆ ಗಳಿಗೆಯಲ್ಲೇ. ಕೈ ಒರೆಸಿ, ಸೀರೆ ಬಿಚ್ಚಿ, ಜಿಡ್ಡು ಆರುವ ಮುಂಚೆ ಮಡಚಿಟ್ಟರೆ ಮಡಿಕೆಗೆ ಇಳಿಯಬಹುದಲ್ಲವೇ ಎಂದರು. ಆ ವಿಜ್ಞಾನಿ, "ಸಾಧ್ಯತೆ ಕಡಿಮೆ, ಆದರೆ ತಳ್ಳಿಹಾಕಲಾರೆ. ವಿಷ ಯಾವಾಗ ತಾಗಿತು ಅಂತ ಬಟ್ಟೆ ನೋಡಿ ನಾನು ಹೇಳೋಕಾಗಲ್ಲ" ಎಂದರು. ನ್ಯಾಯಾಧೀಶರು ಅದನ್ನು ಅಕ್ಷರ ಬಿಡದೆ ಬರೆಸಿಕೊಂಡರು. ಆ ವಿಜ್ಞಾನಿಯ ಪ್ರಾಮಾಣಿಕತೆಯನ್ನು ನೆಚ್ಚಿಕೊಂಡವಳು ನಾನೇ, ಈಗ ಅದಕ್ಕೆ ಬೈಯುವ ಹಾಗೂ ಇರಲಿಲ್ಲ.

ಮುಂದಿನ ದಿನಾಂಕಕ್ಕೆ ಕಾಯುತ್ತ ಕೋರ್ಟಿನ ವರಾಂಡದ ಬೆಂಚಿನ ಮೇಲೆ ಕೂತು ಸಾಕ್ಷಿಗಳ ಹೇಳಿಕೆಗಳನ್ನು ಮೊದಲಿನಿಂದ ಓದುತ್ತಿದ್ದೆ. ಯಾವಾಗ ತಾಗಿತು ಎಂಬ ಒಂದೇ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿತ್ತು. ಭಾವನ ಹೇಳಿಕೆಗೆ ಬಂದೆ. "ಮಡಿಲು ತುಂಬಾ ಸೊಪ್ಪು ತುಂಬಿಕೊಂಡು ಹುಳಕ್ಕೆ ಹಾಕುತ್ತಿದ್ದಳು." ಓದಿ ಎಂದಿನಂತೆ ಹಲ್ಲು ಕಡಿದೆ. ಮತ್ತೊಮ್ಮೆ ಓದಿದೆ. ಆಮೇಲೆ ಬೆಂಚಿನ ಮೇಲೆ ಕೂರಲಾಗಲಿಲ್ಲ.

ನನ್ನ ತವರೂ ಹುಳು ಸಾಕುವ ಮನೆ. ಮುಖಕ್ಕೆ ಪೌಡರ್ ಹಚ್ಚಿಕೊಂಡು ಹುಳು ಮನೆಯ ಬಾಗಿಲಿಗೆ ಹೋದರೆ ಅಮ್ಮ, "ಆಚೆ ಹೋಗೇ, ಕೈ ಕಾಲು ತೊಳ್ಕೊಂಡು ಬಾ" ಎಂದು ಗದರುತ್ತಿದ್ದಳು. ಔಷಧಿ ಹೊಡೆದ ತೋಟದ ಸೊಪ್ಪಾದರೆ ವಾರಗಟ್ಟಲೆ ಬಿಟ್ಟು, ಮೊದಲು ನಾಲ್ಕಾರು ಹುಳಕ್ಕೆ ಹಾಕಿ, ಅವು ಬದುಕಿದರೆ ಮಾತ್ರ ಉಳಿದವಕ್ಕೆ ಹಾಕುವುದು. ಬೆಂಗಳೂರಿನ ಯಂತ್ರ ಹಿಡಿಯದಷ್ಟು ವಿಷವನ್ನೂ ಹುಳು ಹಿಡಿಯುತ್ತದೆ, ಸತ್ತು ತೋರಿಸುತ್ತದೆ. ವಿಷ ಕಲಸಿದ ಕೈ, ವಿಷ ಒರೆಸಿದ ಸೆರಗು, ಆ ಸೆರಗಿನಲ್ಲೇ ತುಂಬಿದ ಸೊಪ್ಪು. ಸಂಜೆ ಒಂದು ಸಲ, ಬೆಳಗ್ಗೆ ಒಂದು ಸಲ. ಪೊಲೀಸರ ಕಥೆ ನಿಜವಾಗಿದ್ದರೆ ಆ ಮನೆಯಲ್ಲಿ ಒಂದು ಹುಳವೂ ಉಳಿಯಬಾರದಿತ್ತು. ಯಾವ ಮಾತನ್ನು ಅಳಿಸಲು ನಾನು ಒದ್ದಾಡಿದ್ದೆನೋ ಅದೇ ಅವಳ ಪ್ರಾಣ ಉಳಿಸುವ ಮಾತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ ಎಂದುಕೊಂಡೆ.

ಹುಳು ಉಳಿದಿದ್ದವೇ? ಉಳಿದಿದ್ದವು ಎಂದು ಅವಳ ಊರಿನ ಬಸ್ ಸ್ಟಾಪಿನ ಟೀ ಅಂಗಡಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಕೋರ್ಟಿಗೆ ಬಂದು ಹೇಳಿ ಎಂದರೆ ಮಾತ್ರ ಒಬ್ಬರೂ ಇಲ್ಲ. "ಅವರ ಮನೆ ಸವಾಸ ನಮಗ್ಯಾಕೆ ಮೇಡಂ?" ಎನ್ನುವವರೇ ಎಲ್ಲ. ಭಾವನ ಬಾಯಿಂದಲೇ ಬರಬೇಕು. ಆತ, ಹುಳು ಸತ್ತವು ಎಂದುಬಿಟ್ಟರೆ? ಮುಗಿಯಿತು, ಅವಳನ್ನು ನಾನೇ ಕೈಯಾರೆ ಮುಳುಗಿಸಿದಂತೆ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಪಾಟೀ ಸವಾಲಿನಲ್ಲಿ ಕೇಳಬಾರದು, ಎಲ್ಲ ವಕೀಲರಿಗೂ ಮೊದಲು ಕಲಿಸುವುದೇ ಅದನ್ನು. ಆದರೂ ಸಾಕ್ಷಿಯನ್ನು ಮತ್ತೆ ಕರೆಸಲು ಅರ್ಜಿ ಹಾಕಿದೆ. ಅಲ್ಲಿಗೆ ಕೇಸು ಇನ್ನಷ್ಟು ಮುಂದಕ್ಕೆ ಹೋಯಿತು. ಜೈಲಿನಲ್ಲಿ ಹೇಳಿದಾಗ ಅವಳು, "ಇನ್ನೂ ಮುಂದಕ್ಕಾ ಅಮ್ಮ?" ಎಂದಳು. ಯಾಕೆಂದು ನಾನು ಹೇಳಲಿಲ್ಲ. ಹೇಳಿ ಆಸೆ ಹುಟ್ಟಿಸಲು ಹೆದರಿಕೆ.

ಸರ್ಕಾರಿ ವಕೀಲರು ಕಾಲಹರಣ ಎಂದು ಕೂಗಾಡಿದರು. ನ್ಯಾಯಾಧೀಶರು, "ಒಂದ ಸಲ, ಅಷ್ಟ" ಎಂದು ಒಪ್ಪಿದರು.

ಭಾವ ಅದೇ ಪಂಚೆ, ಅದೇ ಗತ್ತಿನಲ್ಲಿ ಬಂದ. ನನಗೆ ಆತನಂಥವರು ಗೊತ್ತು. ತಮ್ಮ ಸತ್ತನೆಂದು ಅತ್ತದ್ದು ಎಷ್ಟು ನಿಜವೋ ಏನೋ, ಬೆಳೆಯ ವಿಷಯಕ್ಕೆ ಬಂದರೆ ಒಂದು ಮಾತು ತಡೆಯುವುದಿಲ್ಲ. ಶಿಡ್ಲಘಟ್ಟದ ಸೀಮೆಯಲ್ಲಿ ಹುಳು ಸಾಕುವವನಿಗೆ ನಿನ್ನ ಮಗ ದಡ್ಡ ಎಂದರೂ ಸಹಿಸಿಕೊಳ್ಳುತ್ತಾನೆ, ನಿನ್ನ ಗೂಡು ಕಳಪೆ ಎಂದರೆ ಸಹಿಸುವುದಿಲ್ಲ.

"ನಿಮ್ಮ ತಮ್ಮನ ಹೆಂಡ್ತಿ ಅರೆಸ್ಟ್ ಆದ್ಮೇಲೆ ಆ ಹುಳ ಯಾರು ನೋಡ್ಕೊಂಡ್ರು?"

"ನಾವೇ. ನಾನು, ನಮ್ಮ ಮನೆಯವಳು."

"ಪಾಪ, ಆಕೆ ಚೆನ್ನಾಗಿ ಸಾಕಿದ್ಲು. ನಿಮ್ಮ ಕೈಗೆ ಬಂದಿದ್ದೇ ಪೂರ್ತಿ ಸುಣ್ಣಕಟ್ಟು ಬಂದು ಹೋಯ್ತಂತಲ್ಲ?" ಸುಣ್ಣಕಟ್ಟು ಎಂದರೆ ಹುಳು ಸುಣ್ಣದಂತೆ ಬೆಳ್ಳಗೆ ಬಿರುಸಾಗಿ ಸಾಯುವ ರೋಗ. ಸಾಕುವವನು ಚೊಕ್ಕಟವಿಲ್ಲದಿದ್ದರೆ ಬರುವುದು.

ಆತನ ಮುಖ ಕೆಂಪಗಾಯಿತು. "ಯಾವನ್ರೀ ಹೇಳಿದ್ದು?"

"ಊರಲ್ಲೆಲ್ಲ ಅಂತಾರೆ. ನಿಮಗೆ ಸಾಕೋಕೆ ಬರಲ್ಲ ಅಂತ."

ಸರ್ಕಾರಿ ವಕೀಲರು ಎದ್ದು, ಇದಕ್ಕೂ ಕೇಸಿಗೂ ಏನು ಸಂಬಂಧ ಎಂದರು. ಅಷ್ಟರಲ್ಲಿ ಭಾವ ಕಟಕಟೆಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

"ಇರಿ ಸ್ವಾಮಿ, ನಾನು ಹೇಳ್ತೀನಿ! ಒಂದು ಹುಳ ಸತ್ತಿದ್ರೆ ನನ್ನ ಕೇಳಿ. ನಮ್ಮಪ್ಪನ ಕಾಲ್ದಾಗಿಂದ ಸಾಕ್ತಾ ಇದೀವಿ, ನಮಗೇ ಹೇಳ್ತಾರಾ? ಹುಳ ಗೂಡು ಕಟ್ಟೋ ಚಂದ್ರಿಕೆ ತುಂಬಾ ಗೂಡು, ತೂಕ ಅಂದ್ರೆ ತೂಕ. ಶಿಡ್ಲಘಟ್ಟ ಮಾರ್ಕೆಟ್ಟಲ್ಲಿ ನೂಲು ತೆಗೆಯೋ ರೀಲರ್‌ಗಳು ಮುಗಿಬಿದ್ದವ್ರೆ. ಅವತ್ತು ಮಾರ್ಕೆಟ್‌ಗೆಲ್ಲ ನಮ್ದೇ ಮೇಲು!"

"ಒಂದೂ ಸತ್ತಿಲ್ಲ?"

"ಇಲ್ಲ ಅಂದ್ನಲ್ಲ!"

ಆರೋಪಿಯ ಕಟಕಟೆಯಲ್ಲಿ ಅವಳು ತಲೆ ಎತ್ತಿದಳು. ಅಷ್ಟು ಕಾಲದಲ್ಲಿ ಅವಳು ಕೋರ್ಟಿನಲ್ಲಿ ತಲೆ ಎತ್ತಿ ನೋಡಿದ್ದು ಅದೇ ಮೊದಲು. ನನಗೆ ಆಗ ಅದಕ್ಕೆಲ್ಲ ಬಿಡುವಿರಲಿಲ್ಲ.

"ತಮ್ಮ ಬಿದ್ದ ಸಂಜೆ ಸೊಪ್ಪು ಹಾಕಿದ್ದು ಯಾರು?"

"ಅವಳೇ. ಹೇಳಿದ್ನಲ್ಲ."

"ಯಾವ ಸೀರೆ ಉಟ್ಟಿದ್ಲು?"

"ಇದೇ ಹಸಿರು ಸೀರೆ." ಮೇಜಿನ ಮೇಲಿದ್ದ ಮುದ್ದೆಮಾಲನ್ನು ತೋರಿಸಿದ.

"ಸೊಪ್ಪು ಯಾತರಲ್ಲಿ ತುಂಬ್ಕೊಂಡಿದ್ಲು?"

"ಸೆರಗಲ್ಲಿ, ಮಡಿಲು ಕಟ್ಕೊಂಡು."

"ಬೆಳಗ್ಗೆನೂ?"

"ಹೆಣ ತಂದಾಗ್ಲೂ ಅದೇ ಸೀರೆ ಕಣ್ರೀ, ಬಾಗ್ಲಲ್ಲಿ ಸೊಪ್ಪಿನ ಕಡ್ಡಿ ಗುಡಿಸ್ತಾ ನಿಂತಿದ್ಲು."

ನಾನು ಕೂತೆ. ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಸಾಕ್ಷಿಯ ಕಡೆ ತಿರುಗಿದರು. "ನಮ್ಮ ಕಡೆ ರೇಷ್ಮಿ ಇಲ್ಲಪಾ. ತಿಳೀಲಿಕ್ಕ ಕೇಳ್ತೀನಿ. ಈ ಟೊಮೇಟೊ ಔಷಧ ಹುಳಕ್ಕ ತಾಗಿದ್ರ ಏನಾಗ್ತದ?"

ಜಡ್ಜ್ ಸಾಹೇಬರಿಗೇ ಪಾಠ ಹೇಳುವ ಅವಕಾಶ! ಭಾವ ಅರಳಿಬಿಟ್ಟ. "ತಾಗೋದೇನು ಸ್ವಾಮಿ, ಔಷಧಿ ಮುಟ್ಟಿದ ಕೈಯಲ್ಲಿ ಸೊಪ್ಪು ಮುಟ್ಟಿದ್ರೆ ಸಾಕು. ಬೆಳಗಾಗೋದ್ರೊಳಗೆ ಒಂದೂ ಉಳಿಯಲ್ಲ, ಎಲ್ಲ..."

ಅಲ್ಲಿಗೆ ನಿಂತ. ಬಾಯಿ ತೆರೆದೇ ಇತ್ತು. ಸರ್ಕಾರಿ ವಕೀಲರು ಫೈಲಿನೊಳಗೆ ಏನೋ ಹುಡುಕತೊಡಗಿದರು. ಹಾಲಿನಲ್ಲಿ ಕೂತಿದ್ದವರು ಹೆಚ್ಚಿನವರು ನಮ್ಮ ಸೀಮೆಯವರೇ, ಯಾರಿಗೂ ವಿವರಿಸಬೇಕಾಗಲಿಲ್ಲ.

ಕೊನೆಗೆ ಬಂದದ್ದು ಇನ್‌ಸ್ಪೆಕ್ಟರ್. ಕಾನ್‌ಸ್ಟೇಬಲ್‌ಗೆ ಮರೆವು, ಎರಡೂ ಬೇರೆಬೇರೆ ಕವರಿನಲ್ಲಿ ಬಂದವು ಎಂದ. ನಾನು ಜಗಳವಾಡಲಿಲ್ಲ.

"ಬಾಟಲಿ ಸಿಕ್ಕಾಗ ಸ್ಟ್ಯಾಂಡಿನ ಮೇಲೆ ಹುಳ ಇದ್ವಾ?"

"ಇದ್ದವು. ಸೊಪ್ಪು ತಿನ್ನುತ್ತಿದ್ದವು." ತಾನು ಕಣ್ಣಾರೆ ಕಂಡೆ ಎಂದು ತೋರಿಸಿಕೊಳ್ಳುವ ಹುಮ್ಮಸ್ಸು ಅವನಿಗೆ.

"ಮುಚ್ಚಳ?"

"ಸಡಿಲ ಇತ್ತು. ಮಹಜರಿನಲ್ಲೇ ಇದೆ."

"ಚೆಲ್ಲಿತ್ತಾ?"

"ಸುತ್ತ ಚೆಲ್ಲಿತ್ತು. ಘಾಟು ಬರ್ತಿತ್ತು."

ಘಾಟು ಬರುತ್ತಿದ್ದ ಕೋಣೆಯಲ್ಲಿ ಹುಳು ನೆಮ್ಮದಿಯಾಗಿ ಸೊಪ್ಪು ತಿನ್ನುತ್ತಿದ್ದವಂತೆ. ಇಂಥವನ ಸೊಂಟಕ್ಕೆ ಪಿಸ್ತೂಲು ಕಟ್ಟಿ, ತಲೆಗೆ ಟೋಪಿ ಇಟ್ಟು ಸರ್ಕಾರ ಕಳಿಸುತ್ತದೆ. ಟೋಪಿಯ ಕೆಳಗೆ ಏನಿದೆ ಎಂದು ನೋಡುವ ಪರೀಕ್ಷೆ ಒಂದೂ ಇಲ್ಲ.

ತೀರ್ಪು ಬಂತು, ಬಿಡುಗಡೆ. ಆರೋಪಿಯ ಕೈಯಾಗಲಿ ಸೀರೆಯಾಗಲಿ ಆ ಸಂಜೆಯೂ ಮರುದಿನ ಬೆಳಗ್ಗೆಯೂ ವಿಷ ಮುಟ್ಟಿರಲು ಸಾಧ್ಯವಿಲ್ಲ, ಸೀರೆಗೆ ವಿಷ ತಾಗಿದ್ದು ಆಮೇಲೆ, ಬಾಟಲಿ ಹುಳು ಮನೆಯಲ್ಲಿ ಸಿಕ್ಕಿತೆಂಬುದು ನಂಬಲರ್ಹವಲ್ಲ ಎಂದು ನ್ಯಾಯಾಧೀಶರು ಬರೆದರು. ಹಾಗಾದರೆ ಗಂಡನ ಹೊಟ್ಟೆಗೆ ವಿಷ ಹೇಗೆ ಹೋಯಿತು? ಅವನೇ ಕುಡಿದನೋ, ಯಾರಾದರೂ ಕುಡಿಸಿದರೋ, ನನಗೆ ಗೊತ್ತಿಲ್ಲ. ಹುಡುಕಬೇಕಾದವರು ಹುಳು ಮನೆಯಲ್ಲಿ ಬಾಟಲಿ ಹುಡುಕುತ್ತಿದ್ದರು. ಇನ್‌ಸ್ಪೆಕ್ಟರನಿಗೆ ಏನೂ ಆಗಲಿಲ್ಲ. ಬೇರೆ ಕಡೆ ವರ್ಗವಾಗಿ ಹೋಗಿ ಅಲ್ಲಿ ತನಿಖೆ ಮಾಡುತ್ತಿದ್ದಾನೆ.

ಬಿಡುಗಡೆಯಾದ ದಿನ ತವರಿಗೆ ಹೊರಟ ಅವಳನ್ನು ಚಿಂತಾಮಣಿ ಬಸ್ಸಿಗೆ ಹತ್ತಿಸಲು ನಾನೇ ಹೋದೆ. ಬಸ್ ಸ್ಟ್ಯಾಂಡಿನಲ್ಲಿ ಕಾಫಿ ಕುಡಿಸಿದೆ. ಅವಳು ಲೋಟ ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು.

"ಅಮ್ಮ, ಭಾವ ಹೇಳಿದ್ದು ನಿಜಾನಾ? ಗೂಡು ಅಷ್ಟು ಚೆನ್ನಾಗಿ ಬಂದಿತ್ತಾ?"

ಆಗ ಹೊಳೆಯಿತು. ಗೂಡು ಕಟ್ಟುವ ಮುಂಚೆಯೇ ಅವಳನ್ನು ಕರೆದುಕೊಂಡು ಹೋಗಿದ್ದರು. ಅವತ್ತು ಕಟಕಟೆಯಲ್ಲಿ ತಲೆ ಎತ್ತಿದ್ದು ಆ ಸುದ್ದಿಗೆ.

"ನಿಜಾನೇ. ಮಾರ್ಕೆಟ್‌ಗೆಲ್ಲ ನಿಮ್ದೇ ಮೇಲಂತೆ."

ಅವಳ ಮುಖದಲ್ಲಿ ಒಂದು ನಗು ಬಂದು ಹೋಯಿತು. ಕಾಫಿ ಕುಡಿದು ಮುಗಿಸಿದಳು. ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ಬಸ್ಸು ಬರುವ ದಿಕ್ಕು ನೋಡುತ್ತ ಹೇಳಿದಳು.

"ಸುಡುಗಾಡು ಸೊಪ್ಪು. ಅವತ್ತು ಬಿಟ್ಟು ಹೋಗಿದ್ರೆ ಅವ್ರ ಮುಖನಾದ್ರೂ ನೋಡ್ತಿದ್ದೆ. ಹೋಗ್ಬೇಕಾಗಿತ್ತು ಅಲ್ವಾ ಅಮ್ಮ?"

ಹೋಗಿದ್ದರೆ ಅವಳನ್ನು ಬಿಡಿಸಲು ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ. ಒಳ್ಳೆಯ ಹೆಂಡತಿಯ ಹಾಗೆ ಎಲ್ಲ ಬಿಟ್ಟು ಓಡಿದ್ದರೆ ಸೈನ್ಸ್ ಅವಳನ್ನು ಸಾಯುವ ತನಕ ಜೈಲಿನಲ್ಲಿ ಇಡುತ್ತಿತ್ತು. ಕೋರ್ಟಿನಲ್ಲಿ ಯಾರ ಮುಂದೆ ಬೇಕಾದರೂ ವಾದಿಸಬಲ್ಲ ನನಗೆ ಇದನ್ನು ಅವಳಿಗೆ ಹೇಳಲು ಬಾಯಿ ಬರಲಿಲ್ಲ.

"ಹೌದಮ್ಮ, ಹೋಗ್ಬೇಕಾಗಿತ್ತು" ಎಂದೆ. ಬಸ್ಸು ಬಂತು. ಕಿಟಕಿಯ ಪಕ್ಕ ಸೀಟು ಹಿಡಿದು ಕೂರಿಸಿ ಇಳಿದೆ.